ಹಂಪಯ್ಯನಿಗೆ ಅರಿಷಿಣ ಕೊಡುವ ಕೈ

ಬಸವಕಲ್ಯಾಣ
26 ಮಾರ್ಚ್ 2023

ಕಾವ್ಯಾ,

ಆಶೀರ್ವಾದ ಕೊನೆಗೆ ಬರೆಯುತ್ತೇನೆ, ಮೊದಲು ಜಗಳ ಮುಗಿಸೋಣ. ಸೊಸೆಯೊಬ್ಬಳು ಅತ್ತೆಯನ್ನು ಅವಳದೇ ಕಿರಾಣಿ ಅಂಗಡಿಯಿಂದ ಒಂದು ವರ್ಷ ಗಡೀಪಾರು ಮಾಡಿದ್ದು ಹೈದರಾಬಾದಿನ ಬೇಗಂ ಬಜಾರಿನಲ್ಲಿ ಇದೇ ಮೊದಲಿರಬೇಕು. ಬರಬಾರದು, ಫೋನ್ ಮಾಡಬಾರದು, ಏನಿದ್ದರೂ ಪತ್ರ ಬರೆಯಬೇಕು. ಅದನ್ನೂ ನೀನು ಅಂಗಡಿಗೆ ರಜೆ ಇರುವ ಭಾನುವಾರ ಮಾತ್ರ ಒಡೆದು ಓದುತ್ತೀಯಂತೆ! ಮುಂದಿನ ಯುಗಾದಿಯ ಒಳಗೆ ನಾನು ಬಂದು ಮಾಲಕರ ಗದ್ದಿ ಮೇಲೆ ಕುಳಿತರೆ ಆ ದಿನವೇ ನೀನು ಅಂಗಡಿ ಬಿಡುತ್ತೀ. ಒಪ್ಪಿದ್ದೇನೆ. ಆದರೆ ನಿನ್ನ ಜಾಣತನಕ್ಕೆ ಮೆಚ್ಚಿ ಒಪ್ಪಿದೆ ಎಂದು ತಿಳಿಯಬೇಡ.

ಎದುರಂಗಡಿಯ ಹಂಪಯ್ಯನಿಗೆ ಲಕ್ವ ಹೊಡೆದು ಅವನ ಅಂಗಡಿ ಮುಚ್ಚಿದ ದಿನ ನಾನು ಓಣಿಗೆಲ್ಲ ಪೇಡೆ ಹಂಚಿದೆ. ಅವನೊಬ್ಬ ಹಾಸಿಗೆ ಹಿಡಿದದ್ದೇ ತಡ, ಆ ಅಂಗಡಿಯಲ್ಲಿ ಮದುವೆ ಮನೆಗೆ ಬೇಳೆ ಎಷ್ಟು, ಬೆಲ್ಲ ಎಷ್ಟು ಎಂದು ಯಾದಿ ಹಾಕಿಕೊಡುವವರು ಒಬ್ಬರೂ ಇರಲಿಲ್ಲ. ಶಟರ್ ಇಳಿಯಿತು. ನಾನು ಖುಷಿಯಲ್ಲಿ ಇನ್ನೊಂದು ಪೇಡೆ ಬಾಯಿಗೆ ಹಾಕಿಕೊಳ್ಳುವಾಗ ನೀನು ಅಂದೆ: "ಅತ್ತಿ, ನಾಳೆ ನಿಮ್ಮ ಮೊಣಕಾಲು ಕೈ ಕೊಟ್ಟರ ನಮ್ಮ ಶಟರೂ ಹಿಂಗ ಇಳಿತೈತಿ. ಆವಾಗ ಪೇಡೆ ಹಂಚವ್ರು ಯಾರು?" ನನ್ನನ್ನು ನೀನು ಹಂಪಯ್ಯನ ಪಕ್ಕದಲ್ಲಿ ನಿಲ್ಲಿಸಿದೆ. ಆ ಒಂದು ಮಾತಿಗೆ ನಾನು ಗಂಟುಮೂಟೆ ಕಟ್ಟಿ ತಂಗಿಯ ಮನೆಗೆ ಬಂದದ್ದು.

ನೀನು ಈ ಮನೆಗೆ ಬರುವ ಮೊದಲಿನ ಸಂಗತಿ ಇದು. ನಿನ್ನ ಮಾವ ವೈಜನಾಥ ಮತ್ತು ಹಂಪಯ್ಯ ಪಾಲುದಾರರು. ನಿನ್ನ ಮಾವ ತೀರಿಕೊಂಡ ಮೇಲೆ ನಾನು ಅಂಗಡಿಗೆ ಹೋದೆ. ಗಿರಾಕಿಗಳು, ಹಮಾಲರು ಎಲ್ಲರೂ ಇದ್ದರು. ಹಂಪಯ್ಯ ಬಹಳ ಮೆತ್ತಗೆ ಹೇಳಿದ: "ತಂಗಿ, ನೀ ಗದ್ದಿ ಮ್ಯಾಲ ಕುಂತರ ಮದುವಿ ಮನಿಯವರು ಅರಿಷಿಣ ಯಾರ ಕೈಲೆ ತಗೋಬೇಕವ್ವ? ಮನ್ಯಾಗ ಇರು. ತಿಂಗಳಾ ಸಾಮಾನ ಕಳಸ್ತೀನಿ." ಮದುವೆ ಸಾಮಾನಿನಲ್ಲಿ ಮೊದಲು ಗದ್ದಿಯ ಮೇಲಿದ್ದವರು ಹಿರಿಯರ ಉಡಿಗೆ ಅರಿಷಿಣ ಹಾಕಬೇಕು, ಆಮೇಲೆ ಉಳಿದದ್ದು ತೂಗಬೇಕು. ವಿಧವೆಯ ಕೈ ಅದಕ್ಕೆ ಆಗದು ಎಂದು ಅವನ ತೀರ್ಪು. ಅವನ ಎದುರಿನ ಮಳಿಗೆಯನ್ನೇ ಹಿಡಿದು ನಾನು ಅಂಗಡಿ ಇಟ್ಟೆ, ಇದೇ ಕೈಯಿಂದ ಊರಿಗೆಲ್ಲ ಅರಿಷಿಣ ಕೊಟ್ಟೆ. ಒಂದು ದಿನ ಹಂಪಯ್ಯ ನನ್ನ ಮೆಟ್ಟಿಲು ಹತ್ತಿ ಬಂದು ನನ್ನ ಕೈಯಿಂದ ಅರಿಷಿಣ ಇಸಿದುಕೊಳ್ಳಬೇಕು. ಅದನ್ನು ನೋಡದೆ ನಾನು ಸಾಯುವವಳಲ್ಲ.

ಅಂಗಡಿ ನಾನಿಲ್ಲದೆ ನಡೆಯಲಿ, ಬೆಳೆಯಲಿ. ಅವನ ಅಂಗಡಿಗೆ ಆ ಯೋಗ್ಯತೆ ಇರಲಿಲ್ಲ, ನನ್ನದಕ್ಕೆ ಇದೆ ಎಂದು ಅವನು ಹಾಸಿಗೆಯ ಮೇಲೆ ಮಲಗಿ ನೋಡಲಿ. ನನ್ನ ಮಗ ನಿಶಾಂತ ಹೋದ ಮೇಲೆ ನೀನೂ ನನ್ನ ಸಾಲಿಗೇ ಬಂದವಳು. ಆ ಗದ್ದಿಯ ಮೇಲೆ ನೀನು ಕುಳಿತದ್ದು ಕೇಳಿಯೇ ಅವನಿಗೆ ಅರ್ಧ ಜ್ವರ ಬಂದಿರುತ್ತದೆ.

ಊಟ ಬಿಡಬೇಡ. ಆಶೀರ್ವಾದ.

ಬಸಲಿಂಗಮ್ಮ


ಹೈದರಾಬಾದ್
9 ಏಪ್ರಿಲ್ 2023

ಅತ್ತಿ,

ನಿಮ್ಮ ಜಗಳ ತಲುಪಿತು, ನಮಸ್ಕಾರ.

ಸುದ್ದಿ ಅಷ್ಟು ಚೆನ್ನಾಗಿಲ್ಲ. ಈ ವಾರ ಎರಡು ಮದುವೆ ಮನೆಯವರು ಮೆಟ್ಟಿಲ ಮೇಲೆ ನಿಂತು "ಅಮ್ಮ ಇಲ್ಲೇನ್ರಿ?" ಎಂದು ಕೇಳಿ, ನಾನು ಇಲ್ಲ ಎಂದ ಕೂಡಲೇ ಇಳಿದು ಹೋದರು. ಕೌಂಟರಿನ ಪಿಂಕಿ ಅವರನ್ನು ತಡೆಯಲು ಹೋಗಿ ಬೈಸಿಕೊಂಡಳು.

ಒಂದು ವಿಷಯ ಕೇಳಬೇಕು. ನೀವು ಬಂದವರ ಮುಖ ನೋಡಿ "ಇಷ್ಟು ಬ್ಯಾಳಿ, ಇಷ್ಟು ಬೆಲ್ಲ" ಎಂದು ಬಾಯಲ್ಲೇ ಯಾದಿ ಹೇಳುತ್ತಿದ್ದಿರಿ. ಅದು ಎಂದೂ ತಪ್ಪಿದ್ದು ನಾನು ನೋಡಿಲ್ಲ. ಆ ಮುಖದಲ್ಲಿ ನೀವು ಏನು ನೋಡುತ್ತಿದ್ದಿರಿ? ಬರೆದು ಕಳಿಸಿ. ಪಿಂಕಿಯೂ ಅದನ್ನು ಓದಿ ಯಾದಿ ಹಾಕುವಂತಿರಬೇಕು. ಅಷ್ಟಾದರೆ ಕುಷಾಯಿಗೂಡದಲ್ಲಿ ಇನ್ನೊಂದು ಅಂಗಡಿ ತೆರೆಯಬಹುದು. ನನ್ನ ಅಪ್ಪ ಅಲ್ಲಿಯ ಫ್ಯಾಕ್ಟರಿಯಲ್ಲಿದ್ದಾಗಿನಿಂದ ಆ ಕಡೆಯ ಕನ್ನಡದವರನ್ನು ಬಲ್ಲೆ. ಮದುವೆ ಬಂತೆಂದರೆ ಅವರೆಲ್ಲ ಇಷ್ಟು ದೂರ ಬರುತ್ತಾರೆ.

ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೀರಾ?

ಕಾವ್ಯಾ


ಬಸವಕಲ್ಯಾಣ
15 ಏಪ್ರಿಲ್ 2023

ಕಾವ್ಯಾ,

ಇಳಿದು ಹೋದರೇ! ಹೋಗಲಿ, ಬೇರೆ ಕಡೆ ಯಾದಿ ಹಾಕಿಸಿ ಮದುವೆಯ ದಿನ ಬೆಲ್ಲಕ್ಕೆ ಓಡಾಡಲಿ. ನಿಜ ಹೇಳಲೇ? ಅದನ್ನು ಓದಿ ನನಗೆ ಒಂದು ಕ್ಷಣ ಒಳ್ಳೆಯದೇ ಅನಿಸಿತು. ಆಮೇಲೆ ಹಂಪಯ್ಯನ ನೆನಪಾಗಿ ಹೊಟ್ಟೆ ಉರಿಯಿತು.

ಮುಖದಲ್ಲಿ ಏನೂ ಇರುವುದಿಲ್ಲ ಹುಚ್ಚಿ. ಯಾರ‍್ಯಾರು ಬಂದಿದ್ದಾರೆ ನೋಡಬೇಕು. ಗಂಡ ಹೆಂಡತಿ ಇಬ್ಬರೇ ಬಂದರೆ ಅವರು ಹೇಳಿದಷ್ಟೇ ಜನ ಊಟಕ್ಕೆ ಬರುತ್ತಾರೆ. ಸೋದರಮಾವ, ಚಿಕ್ಕಪ್ಪ, ಪಕ್ಕದ ಮನೆಯವಳು ಎಂದು ಆಟೋ ತುಂಬಿಕೊಂಡು ಬಂದರೋ, ಹೇಳಿದ್ದಕ್ಕೆ ಅರ್ಧ ಕೂಡಿಸು. ಬೀಗರು ಯಾವ ಕಡೆಯವರೆಂದು ಕೇಳು. ಸೊಲ್ಲಾಪುರದ ಕಡೆಯವರಿಗೆ ಶೇಂಗಾ ಹೆಚ್ಚು ಬೇಕು, ರಾಯಚೂರಿನ ಕಡೆಯವರಿಗೆ ಅಕ್ಕಿ. ಊಟ ಹಗಲಿನದೋ ಸಂಜೆಯದೋ? ಸಂಜೆಯದಾದರೆ ಆಫೀಸಿನವರೆಲ್ಲ ಬರುತ್ತಾರೆ, ಆದರೆ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ, ಹೋಳಿಗೆ ಮುಟ್ಟುವುದಿಲ್ಲ. ಸೋದರಮಾವ ಜೋರಾಗಿ ಮಾತಾಡುವವನಾದರೆ ತುಪ್ಪ ಹೆಚ್ಚು ಬರೆ, ಬಡಿಸುವವನು ಅವನೇ.

ಮದುವೆ ಮುಗಿದ ಮೇಲೆ ಒಡೆಯದ ಪ್ಯಾಕೇಟು ವಾಪಸು ತಂದರೆ ಕಾರಣ ಕೇಳದೆ ತೆಗೆದುಕೋ. ಕೇಳಿದರೆ ಮುಂದಿನ ಸಲ ಹೆದರಿ ಕಡಿಮೆ ಬರೆಸುತ್ತಾರೆ.

ಇಷ್ಟೇ. ಇದಕ್ಕಿಂತ ಹೆಚ್ಚಿಗೆ ಏನೂ ಇಲ್ಲ.

ಬಸಲಿಂಗಮ್ಮ


ಹೈದರಾಬಾದ್
14 ಮೇ 2023

ಅತ್ತಿ,

ಕುಷಾಯಿಗೂಡದ ಸುಬ್ಬಣ್ಣನವರ ಮಗಳ ಮದುವೆಯಲ್ಲಿ ನಮ್ಮ ಮಾನ ಹೋಯಿತು.

ನೀವು ಬರೆದಂತೆಯೇ ಎಲ್ಲ ಕೇಳಿ ನಾನೇ ಯಾದಿ ಹಾಕಿದ್ದೆ. ಛತ್ರದ ಊಟಕ್ಕೆ ಎಲ್ಲ ಸರಿಹೋಯಿತು. ಊಟ ಮುಗಿದು ಬೀಗರು ಹೊರಡುವ ಹೊತ್ತಿಗೆ ಕಡಲೆಬೇಳೆಯೂ ಇಲ್ಲ, ಬೆಲ್ಲವೂ ಇಲ್ಲ, ಜೋಳದ ಹಿಟ್ಟೂ ಇಲ್ಲ. ಬೀಗಿತ್ತಿ ಬರಿಗೈಯಲ್ಲಿ ಬಸ್ ಹತ್ತಿದಳಂತೆ. ಮರುದಿನ ಸುಬ್ಬಣ್ಣನವರ ಹೆಂಡತಿ ಅಂಗಡಿಗೆ ಬಂದು, ಗಿರಾಕಿಗಳ ಎದುರು ನಿಂತು ಅತ್ತರು. "ಅಮ್ಮ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ ನೋಡವ್ವ. ನನ್ನ ಮಗಳು ಆ ಮನ್ಯಾಗ ಜೀವನ ಪೂರ್ತಿ ಈ ಮಾತು ಕೇಳಬೇಕು" ಎಂದರು. ನನಗೆ ತಲೆ ಎತ್ತಲು ಆಗಲಿಲ್ಲ.

ನೀವು ಏನೋ ಒಂದನ್ನು ಬರೆಯದೆ ಬಿಟ್ಟಿದ್ದೀರಿ. ಮರೆತದ್ದಲ್ಲ. ನೀವು ಮರೆಯುವವರಲ್ಲ. ನಾನು ಅಂಗಡಿಯಲ್ಲಿ ಸೋಲಬೇಕೆಂದು ನಿಮಗಿದ್ದರೆ ಹಾಗೆಂದು ಒಂದು ಸಾಲು ಬರೆಯಿರಿ, ಬೀಗದಕೈ ಕಳಿಸಿಬಿಡುತ್ತೇನೆ.

ಕಾವ್ಯಾ


ಬಸವಕಲ್ಯಾಣ
20 ಮೇ 2023

ಕಾವ್ಯಾ,

ಹೌದು, ಬಿಟ್ಟೆ. ಎಲ್ಲವನ್ನೂ ಬರೆದು ಕೊಟ್ಟರೆ ನನ್ನಲ್ಲಿ ಏನು ಉಳಿಯುತ್ತದೆ? ನೀನು ಒಂದು ದಿನ ಓಡಿ ಬಂದು "ಅತ್ತಿ, ನೀವ ಬೇಕ್ರಿ" ಅನ್ನುತ್ತೀ ಎಂದು ಕಾದೆ. ಆ ಹುಡುಗಿಯ ಹೆಸರು ಇದರಲ್ಲಿ ಕೆಡುತ್ತದೆಂದು ನಾನು ಎಣಿಸಿರಲಿಲ್ಲ. ಸುಬ್ಬಣ್ಣನ ಬೀಗರ ವಿಳಾಸ ತರಿಸಿಕೊಂಡು ನಾನೇ ಇಲ್ಲಿಂದ ಬುಟ್ಟಿ ಕಳಿಸಿದ್ದೇನೆ, ತಪ್ಪು ಅಂಗಡಿಯದು, ಹುಡುಗಿಯ ಮನೆಯದಲ್ಲ ಎಂದು ಚೀಟಿ ಇಟ್ಟು.

ನಾನು ಬಿಟ್ಟದ್ದು ಬುತ್ತಿ. ನೀನು ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಕ್ಯಾಟರಿಂಗ್ ಊಟ ಮಾಡಿ ಕೈ ತೊಳೆದು ಬಂದವಳು. ನಮ್ಮ ಕಡೆ ಮದುವೆ ಛತ್ರದಲ್ಲಿ ಮುಗಿಯುವುದಿಲ್ಲ. ಹೋಗುವ ಬೀಗರಿಗೆ ರೊಟ್ಟಿ, ಹೋಳಿಗೆ, ಉಂಡಿ ಕಟ್ಟಿ ಕೊಡಬೇಕು. ಅವರು ಊರಿಗೆ ಹೋಗಿ ಅದನ್ನು ಓಣಿಯ ಮನೆಗಳಿಗೆಲ್ಲ ಹಂಚಬೇಕು. ಛತ್ರಕ್ಕೆ ಬರದವರೂ ಆ ಮದುವೆಯ ಊಟ ಮಾಡುತ್ತಾರೆ. ಆದ್ದರಿಂದ ಎಷ್ಟು ಜನ ಬರುತ್ತಾರೆ ಎಂದು ಕೇಳಿದರೆ ಸಾಲದು, ಬುತ್ತಿ ಎಷ್ಟು ಮನೆಗೆ ಹೋಗುತ್ತದೆ ಎಂದು ಕೇಳಬೇಕು. ಈ ಪ್ರಶ್ನೆ ಕೇಳಿದ ಮೇಲೆಯೇ ಯಾದಿ.

ಇದನ್ನು ನಾನು ಯಾಕೆ ಬಾಯಿ ಬಿಟ್ಟೆ ಗೊತ್ತೇ? ಸುಬ್ಬಣ್ಣನ ಮದುವೆ ಸುದ್ದಿ ಹಂಪಯ್ಯನ ಹಾಸಿಗೆಯವರೆಗೂ ಹೋಗಿದೆ. ವಾರೆ ಬಾಯಿಯಲ್ಲೇ ನಕ್ಕು "ಆಕಿ ಗದ್ದಿ ಬಿಟ್ಟು ಎದ್ದಳು, ಅಂಗಡಿನೂ ಎದ್ದು ಹೋತು" ಎಂದನಂತೆ. ಯಾರೋ ಪುಣ್ಯಾತ್ಮರು ನನಗೆ ಹೇಳಿ ಹೋದರು. ನಗಲಿ! ಆ ನಗು ಅವನ ಗಂಟಲಲ್ಲಿ ಸಿಗಬೇಕು. ತಗೋ, ನನ್ನಲ್ಲಿದ್ದದ್ದೆಲ್ಲ ಈ ಪತ್ರದ ಹಿಂದೆ ಬರೆದಿದ್ದೇನೆ, ಎಣ್ಣೆಯಿಂದ ಕರ್ಪೂರದವರೆಗೆ. ಇನ್ನು ನನ್ನ ಹೊಟ್ಟೆಯಲ್ಲಿ ಏನೂ ಇಲ್ಲ, ಸಿಟ್ಟೊಂದನ್ನು ಬಿಟ್ಟು.

ಬಸಲಿಂಗಮ್ಮ


ಹೈದರಾಬಾದ್
10 ಸೆಪ್ಟೆಂಬರ್ 2023

ಅತ್ತಿ,

ಶ್ರಾವಣದಲ್ಲಿ ಕುಷಾಯಿಗೂಡದ ಅಂಗಡಿ ತೆರೆದೆವು. ಸುಬ್ಬಣ್ಣನವರ ಹೆಂಡತಿಯೇ ಬಂದು ದೀಪ ಹಚ್ಚಿದರು. ನಿಮ್ಮ ಬುಟ್ಟಿ ಮುಟ್ಟಿದ ಮೇಲೆ ಅವರ ಬೀಗರು ಸೊಸೆಯ ಮುಂದೆ ನಮ್ಮ ಅಂಗಡಿಯನ್ನೇ ಹೊಗಳುತ್ತಾರಂತೆ.

ನೀವು ಬರೆದದ್ದನ್ನೆಲ್ಲ ಪಿಂಕಿ ಪ್ರಶ್ನೆಗಳಾಗಿ ಮಾಡಿ ಗೋಡೆಗೆ ಅಂಟಿಸಿದ್ದಾಳೆ. ಬುತ್ತಿಯದು ಮೊದಲನೆಯದು. ತೆಲುಗಿನವರು, ಮಾರವಾಡಿಗಳು ಬಂದರೂ ಅದನ್ನು ಕೇಳುತ್ತಾಳೆ, ಅವರು ನಗುತ್ತಾರೆ, ಆಮೇಲೆ ಯೋಚಿಸಿ ಇನ್ನೊಂದಷ್ಟು ಬರೆಸುತ್ತಾರೆ. ಕಳೆದ ತಿಂಗಳು ಒಂದೇ ಒಂದು ಯಾದಿ ತಪ್ಪಿಲ್ಲ.

ನಿಮಗೆ ಸಂತೋಷವಾಗುವ ಮಾತು: ಈಗ ಯಾರೂ ನಿಮ್ಮನ್ನು ಕೇಳುವುದಿಲ್ಲ.

ಕಾವ್ಯಾ


ಬಸವಕಲ್ಯಾಣ
14 ನವೆಂಬರ್ 2023

ಕಾವ್ಯಾ,

ಎರಡು ತಿಂಗಳು ಬರೆಯಲಿಲ್ಲ. ನೀನು ಬರೆದ ಆ ಸಂತೋಷದ ಮಾತನ್ನು ಜೀರ್ಣಿಸಿಕೊಳ್ಳುತ್ತಿದ್ದೆ. ಅಂಗಡಿಯ ಲಕ್ಷ್ಮೀಪೂಜೆಗೂ ನನ್ನನ್ನು ಕರೆಯಲಿಲ್ಲ. ಇರಲಿ, ಅದೆಲ್ಲ ಈಗ ಬೇಡ.

ಈ ಪತ್ರವನ್ನು ಅಂಚೆಗೆ ಹಾಕದೆ ಹೈದರಾಬಾದ್ ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸುತ್ತಿದ್ದೇನೆ. ಭಾನುವಾರದ ತನಕ ಕಾಯಬೇಡ. ಕೂಡಲೇ ಒಡೆ.

ಹಂಪಯ್ಯನ ಮೊಮ್ಮಗಳ ಮದುವೆ ಇಲ್ಲಿಯ ಹುಡುಗನೊಂದಿಗೆ ಗೊತ್ತಾಗಿದೆ. ಮದುವೆ ಹೈದರಾಬಾದಿನಲ್ಲಿ, ಈ ತಿಂಗಳ ಕೊನೆಗೆ. ಹುಡುಗನ ತಾಯಿ ನನ್ನ ತಂಗಿಯ ಭಜನೆಯ ಗೆಳತಿ. ಸಾಮಾನು ನಮ್ಮ ಅಂಗಡಿಯಿಂದಲೇ ಬರಬೇಕೆಂದು ಅವಳು ಹಠ ಹಿಡಿದಿದ್ದಾಳೆ. ನಾನು ಹಠ ಹಿಡಿಸಿದ್ದೇನೆ ಎಂದು ಬೇರೆ ಹೇಳಬೇಕೇ? ಮನೆಗೆ ಹಿರಿಯ ಹಂಪಯ್ಯ. ಅರಿಷಿಣ ಇಸಿದುಕೊಳ್ಳಲು ಅವನೇ ಬರಬೇಕು. ಕೋಲು ಹಿಡಿದು ಓಡಾಡುವಷ್ಟು ಆಗಿದ್ದಾನಂತೆ.

ಅವನು ಬಂದರೆ ಕೂರಿಸು, ನೀರು ಕೊಡು, ಏನನ್ನೂ ತೂಗಬೇಡ. "ಮಾಲಕರು ಬರತಾರ, ಅವರ ಕೈಲೆನ ತಗೋಬೇಕ್ರಿ" ಎಂದು ಹೇಳಿ ಕಳಿಸು. ಇದೇ ಡ್ರೈವರನ ಕೈಗೆ ಒಂದು ಮಾತು ಕೊಟ್ಟರೆ ಸಾಕು, ಮರುದಿನ ಗದ್ದಿಯ ಮೇಲಿರುತ್ತೇನೆ. ಒಂದೇ ದಿನ ಕಾವ್ಯಾ. ಆಮೇಲೆ ಬೇಕಾದರೆ ಇನ್ನೊಂದು ವರ್ಷ ಗಡೀಪಾರು ಮಾಡು. ಇಷ್ಟು ವರ್ಷ ಯಾರಿಗೂ ಕೈಯೊಡ್ಡದವಳು ಬೇಡುತ್ತಿದ್ದೇನೆ.

ಅತ್ತೆ


ಹೈದರಾಬಾದ್
19 ನವೆಂಬರ್ 2023

ಅತ್ತಿ,

ನಿಮ್ಮ ಪತ್ರ ಬುಧವಾರವೇ ಕೈ ಸೇರಿತ್ತು. ಇವತ್ತು ಒಡೆದೆ. ಹಂಪಯ್ಯನವರು ಶುಕ್ರವಾರ ಬಂದು ಹೋದರು.

ಸುಳ್ಳು ಹೇಳುವುದಿಲ್ಲ. ಲಕೋಟೆಯ ಮೇಲೆ ನೀವು ಪೆನ್ನು ಒತ್ತಿದ ರೀತಿ ನೋಡಿಯೇ ಇದು ಅಂಗಡಿಯ ವಿಷಯ, ಅವಸರದ ವಿಷಯ ಎಂದು ತಿಳಿಯಿತು. ಅದಕ್ಕೇ ಒಡೆಯಲಿಲ್ಲ. ಅವಸರದಲ್ಲಿ ಒಮ್ಮೆ ಒಡೆದರೆ ಆಮೇಲೆ ಪ್ರತಿ ಪತ್ರವೂ ಅವಸರದ್ದೇ ಆಗುತ್ತದೆ.

ಅವರು ಮೆಟ್ಟಿಲು ಹತ್ತಲು ಬಹಳ ಹೊತ್ತು ಹಿಡಿಯಿತು. ಎಡಗಾಲು ಎಳೆಯುತ್ತಾರೆ. ಮಗ ಕೈ ಹಿಡಿಯಲು ಹೋದರೆ ಕೊಡವಿದರು. ಒಳಗೆ ಬಂದವರೇ ಸುತ್ತ ನೋಡಿ "ಆಕಿ ಎಲ್ಲಿ?" ಎಂದರು.

"ಊರಿಗೆ ಹೋಗ್ಯಾರ್ರಿ."

"ಬರತಾಳೇನು?"

"ಇಲ್ರಿ, ಅಂಗಡಿಗೆ ಬರಂಗಿಲ್ಲ."

"ಹಂಗಾರ ಅರಿಷಿಣ?"

"ಗದ್ದಿ ಮ್ಯಾಲ ಯಾರು ಇರ್ತಾರ, ಅವ್ರು ಕೊಡ್ತಾರ್ರಿ. ಇವತ್ತು ನಾನು."

ಅವಳಾದರೂ ಕೊಟ್ಟಾಳೇ ಎನ್ನುವಂತೆ ಅವರು ಪಿಂಕಿಯ ಕಡೆ ನೋಡಿದರು. ನಿಶಾಂತನ ವಿಷಯ ಅವರಿಗೆ ಗೊತ್ತು, ನಾನು ಯಾರೆಂದೂ ಗೊತ್ತು. ಆದರೂ ಶಲ್ಯ ಒಡ್ಡಿದರು. ನಾನು ಅರಿಷಿಣದ ಪೊಟ್ಟಣ ಹಾಕಿದೆ. ಅದನ್ನು ಕಣ್ಣಿಗೆ ಒತ್ತಿಕೊಂಡರು. ಕಣ್ಣು ಒದ್ದೆಯಾಗಿತ್ತು. ಅವರು ಮನಸ್ಸಿನಲ್ಲೇ ನಿಮ್ಮ ಕ್ಷಮೆ ಕೇಳಿದರು ಎಂದು ನನಗನಿಸಿತು. ನೀವು ಗೆದ್ದಿರಿ ಅತ್ತಿ. ನೀವು ಬರುವುದೇ ಬೇಕಾಗಲಿಲ್ಲ.

ಕಾವ್ಯಾ


ಬಸವಕಲ್ಯಾಣ
23 ನವೆಂಬರ್ 2023

ಕಾವ್ಯಾ,

ಕಣ್ಣಿಗೆ ಒತ್ತಿಕೊಂಡನಂತೆ! ನೀನು ಅವನ ಕಣ್ಣೀರು ಒಂದು ದಿನ ನೋಡಿದೆ. ನಿನ್ನ ಮಾವನ ಹೆಣದ ಮುಂದೆಯೂ ಅವನು ಅತ್ತಿದ್ದ, ಎಲ್ಲರಿಗಿಂತ ಜೋರಾಗಿ.

ನನ್ನ ಜೀವಮಾನದಲ್ಲಿ ಒಂದು ದಿನ ಬರಬೇಕಿತ್ತು. ಅದು ಬಂತು. ಆ ದಿನ ನಾನು ಇಲ್ಲಿ ತಂಗಿಯ ಮನೆಯ ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಾ ಕುಳಿತಿದ್ದೆ. ಅವನು "ಆಕಿ ಎಲ್ಲಿ" ಎಂದು ಕೇಳಿದನಲ್ಲ, ಹೆದರಿ ಕೇಳಿದ. ಇಲ್ಲ ಎಂದು ನೀನು ಹೇಳಿದ ಮೇಲೆ ಅವನಿಗೆ ಜೀವ ಬಂತು. ನೀನು ಅವನನ್ನು ಉಳಿಸಿದೆ. ನನ್ನ ಸೊಸೆ, ನನ್ನ ಗದ್ದಿಯ ಮೇಲೆ ಕುಳಿತು, ನನ್ನ ಶತ್ರುವನ್ನು ಉಳಿಸಿದಳು. ಪತ್ರ ಎದುರಿಗಿತ್ತು, ಕೈಗೆ ಸಿಗುವಷ್ಟು ಹತ್ತಿರ.

ಇನ್ನು ನನಗೆ ಬರೆಯಬೇಡ. ನಾನು ಕಟ್ಟಿದ ಅಂಗಡಿ ನನ್ನ ಮಾತು ಕೇಳದಷ್ಟು ದೊಡ್ಡದಾಗಿದೆ. ನಿನಗೆ ಬೇಕಾದದ್ದು ಅದೇ ತಾನೇ? ತಗೋ.

ಬಸಲಿಂಗಮ್ಮ


ಹೈದರಾಬಾದ್
3 ಡಿಸೆಂಬರ್ 2023

ಅತ್ತಿ,

ಬರೆಯಬೇಡ ಎಂದಿದ್ದೀರಿ. ಆದರೂ ತಿಳಿಸುವುದು ನನ್ನ ಕೆಲಸ. ಮದುವೆ ಗುರುವಾರ ಆಯಿತು. ಯಾದಿ ತಪ್ಪಲಿಲ್ಲ, ಬುತ್ತಿಗೂ ಕಡಿಮೆ ಬೀಳಲಿಲ್ಲ. ಉಳಿದ ಸಾಮಾನು ನಿನ್ನೆ ವಾಪಸು ಬಂತು, ಜಮಾ ಮಾಡಿಕೊಂಡೆವು. ಹೆಚ್ಚಿಗೆ ಬರೆಯುವಂಥದ್ದೇನೂ ಇಲ್ಲ.

ಕಾವ್ಯಾ


ಬಸವಕಲ್ಯಾಣ
9 ಡಿಸೆಂಬರ್ 2023

ಕಾವ್ಯಾ,

ಏನು ವಾಪಸು ಬಂತು?

ಹೆಚ್ಚಿಗೆ ಹೇಳುವಂಥದ್ದೇನೂ ಇಲ್ಲ ಎಂದು ನೀನು ನಿಶಾಂತನ ಆಸ್ಪತ್ರೆಯಿಂದಲೂ ಹೇಳಿದ್ದೆ. ಅವತ್ತು ನಾನು ನಂಬಿದೆ. ಇವತ್ತು ನಂಬುವುದಿಲ್ಲ. ಸಿಟ್ಟನ್ನು ಆಮೇಲೆ ನೋಡಿಕೊಳ್ಳೋಣ. ಏನಾಯಿತು ಬರೆ.

ಅತ್ತೆ


ಹೈದರಾಬಾದ್
17 ಡಿಸೆಂಬರ್ 2023

ಅತ್ತಿ,

ಅರಿಷಿಣ ವಾಪಸು ಬಂತು. ನಾನು ಕಟ್ಟಿ ಕೊಟ್ಟ ಪೊಟ್ಟಣವೇ, ದಾರ ಕೂಡ ಬಿಚ್ಚಿರಲಿಲ್ಲ.

ಅವರ ಮಗ ತಂದಿದ್ದ. ನಕ್ಕು ನಕ್ಕು ಮಾತಾಡಿದ. "ತಪ್ಪು ತಿಳಿಬ್ಯಾಡ್ರಿ ಅಕ್ಕಾ. ನಿಮ್ಮ ಮಾಲು ಭಾಳ ಛಲೋ ಐತಿ. ಆದ್ರ ಅಪ್ಪ ಅಂದ್ರು, ಹೊಸಾ ಮದುಮಗಳು, ಅರಿಷಿಣ ಒಂದರ ಮುತ್ತೈದಿ ಕೈಲೆನ ಇರಲಿ ಅಂತ. ಬ್ಯಾರೆ ಕಡೆ ತರಿಸಿದ್ವಿ." ಒಡೆಯದ ಪ್ಯಾಕೇಟಿಗೆ ಕಾರಣ ಕೇಳಬಾರದು ಎಂಬುದು ನಿಮ್ಮದೇ ನಿಯಮ. ಪಿಂಕಿ ಕೇಳಲಿಲ್ಲ, ಅವನೇ ಹೇಳಿದ. ಪಿಂಕಿ ಜಮಾ ಬರೆದುಕೊಂಡಳು. ನಾನು ನೋಡುತ್ತಾ ಕುಳಿತಿದ್ದೆ.

ಶಲ್ಯ ಒಡ್ಡಿದ್ದು ಬೀಗರ ಕಿವಿಗೆ ಮುಟ್ಟಲಿ ಎಂದು. ಕಣ್ಣಿಗೆ ಒತ್ತಿಕೊಂಡದ್ದು ನನ್ನನ್ನು ನಂಬಿಸಲು. ನಾನು ನಂಬಿ ನಿಮಗೆ ಪಾಠ ಬರೆದು ಕಳಿಸಿದೆ! ನಿಶಾಂತ ಹೋದ ದಿನವೂ ನನಗೆ ಯಾರ ಮೇಲೂ ಸಿಟ್ಟು ಬಂದಿರಲಿಲ್ಲ ಅತ್ತಿ. ಈಗ ಬಂದಿದೆ. ನನ್ನ ಈ ಕೈಗೆ ಏನಾಗಿದೆ? ಇದೇ ಕೈಯಲ್ಲಿ ಆ ಮದುವೆಯ ಅಕ್ಕಿ ತೂಗಿದೆ, ಬೆಲ್ಲ ತೂಗಿದೆ. ಅದೆಲ್ಲ ತಿನ್ನಲು ಬಂತಲ್ಲ ಅವರಿಗೆ.

ಎರಡೂ ಅಂಗಡಿಗಳಲ್ಲಿ ಕೌಂಟರಿನ ಹಿಂದೆ ಹಲಗೆ ಹಾಕಿಸಿದ್ದೇನೆ: ಹಂಪಯ್ಯನ ಮನೆಯವರಿಗೆ ಒಂದು ಕಾಳು ಸಾಮಾನು ಕೊಡಬಾರದು. ಕೆಂಪು ಅಕ್ಷರದಲ್ಲಿ.

ನೀವು ಬಂದುಬಿಡಿ. ಯುಗಾದಿಯ ತನಕ ಕಾಯುವುದು ಬೇಡ, ಆ ಕರಾರನ್ನು ನಾನೇ ಮುರಿಯುತ್ತೇನೆ. ಬಂದು ಗದ್ದಿಯ ಮೇಲೆ ಕುಳಿತುಕೊಳ್ಳಿ. ಇಬ್ಬರೂ ಸೇರಿ ಅವನಿಗೆ ಈ ಬಜಾರಿನಲ್ಲಿ ನಿಲ್ಲಲು ಜಾಗವಿಲ್ಲದಂತೆ ಮಾಡೋಣ.

ಕಾವ್ಯಾ


ಬಸವಕಲ್ಯಾಣ
23 ಡಿಸೆಂಬರ್ 2023

ಕಾವ್ಯಾ, ನನ್ನ ಕಂದಾ,

ನಿನ್ನ ಕೈಗೆ ಏನೂ ಆಗಿಲ್ಲ. ಮೊದಲು ಅದನ್ನು ತಿಳಿದುಕೋ.

ಪತ್ರ ಓದಿ ಸೀರೆ ಚೀಲಕ್ಕೆ ತುಂಬಿದೆ, ಚಪ್ಪಲಿಯನ್ನೂ ಹಾಕಿಕೊಂಡೆ. ತಂಗಿ ಆಟೋ ತರಿಸಿದಳು. ಆಟೋದವನು ಹೊರಗೆ ಹಾರ್ನ್ ಹೊಡೆದದ್ದೇ ಹೊಡೆದದ್ದು. ನಾನು ಬಾಗಿಲಲ್ಲೇ ನಿಂತು ಆ ಹಲಗೆಯ ವಿಚಾರ ಮಾಡಿದೆ, ಆಮೇಲೆ ಅವನಿಗೆ ಬಾಡಿಗೆ ಕೊಟ್ಟು ವಾಪಸು ಕಳಿಸಿದೆ.

ಹಲಗೆ ತೆಗೆ. ಇವತ್ತೇ ತೆಗೆ.

ಕೆಂಪು ಅಕ್ಷರದಲ್ಲಿ ಹೆಸರು ಬರೆದು ಹಾಕಿದ್ದೀಯಲ್ಲ, ಕೆಲಸಕ್ಕೆ ಬರುವ ಪ್ರತಿ ಹೊಸ ಹುಡುಗಿಯೂ "ಈ ಹಂಪಯ್ಯ ಯಾರ‍್ರಿ" ಎಂದು ಕೇಳುತ್ತಾಳೆ. ನೀನು ಕಥೆ ಹೇಳುತ್ತೀ. ದೇವರ ಫೋಟೋದ ಹಾಗೆ ಅವನು ನನ್ನ ಗೋಡೆಯ ಮೇಲೆ ಪುಕ್ಕಟೆ ಇರುತ್ತಾನೆ. ಇಷ್ಟು ವರ್ಷ ನಾನು ಮಾಡಿದ್ದೂ ಅದನ್ನೇ. ಎದ್ದ ಕೂಡಲೇ ಲಿಂಗಪೂಜೆಗೆ ಮೊದಲು ಅವನ ನೆನಪು. ಬಜಾರಿನಲ್ಲಿ ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ: "ನನ್ನ ಮ್ಯಾಲಿನ ಸಿಟ್ಟಿಗೆ ಹಾಕ್ಯಾಳ ನೋಡು ಆ ಅಂಗಡಿ." ಹಾಗಾದರೆ ಅದು ಯಾರ ಅಂಗಡಿ ಆಯಿತು? ನಾನು ಸಂಬಳವಿಲ್ಲದೆ ಅವನಿಗೆ ದುಡಿದೆ ಕಾವ್ಯಾ. ಈಗ ನಿನ್ನನ್ನೂ ಅವನ ಚಾಕರಿಗೆ ಬಿಡಲೇ? ಆಗದು.

ಅವನ ಮನೆಯವರು ಬಂದರೆ ಸಾಮಾನು ಕೊಡು. ವಾಪಸು ತಂದರೆ ತೆಗೆದುಕೋ. ಹೊಸಬರಿಗೆ ಅವನ ಹೆಸರು ಹೇಳಬೇಡ. ನನ್ನದೂ ಹೇಳಬೇಡ.

ಯುಗಾದಿ ಆದ ಮೇಲೂ ನಾನು ಆ ಗದ್ದಿಗೆ ಬರುವುದಿಲ್ಲ. ನಾನು ಬಂದು ಕುಳಿತರೆ ಅವನೂ ನನ್ನ ಜೊತೆ ಬಂದು ಕೂರುತ್ತಾನೆ. ನಿನಗೆ ಅತ್ತೆ ಬೇಕೆನಿಸಿದ ದಿನ ಹೇಳು, ಮನೆಗೆ ಬರುತ್ತೇನೆ, ರೊಟ್ಟಿ ಮಾಡಿ ಹಾಕುತ್ತೇನೆ. ಮೂರನೇ ಅಂಗಡಿಗೆ ಜಾಗ ನೋಡು.

ಇದನ್ನು ಕ್ಷಮೆ ಎಂದು ಓದಿದರೆ ನಿನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಅತ್ತೆ


ಹೈದರಾಬಾದ್
25 ಆಗಸ್ಟ್ 2024

ಅತ್ತಿ,

ಮೂರನೆಯ ಅಂಗಡಿ ಕುಕಟ್‌ಪಲ್ಲಿಯಲ್ಲಿ ನಿಂತಿತು. ಪಿಂಕಿ ಈಗ ಕುಷಾಯಿಗೂಡದ ಗದ್ದಿಯಲ್ಲಿದ್ದಾಳೆ. ಇಲ್ಲಿ ಬೇಗಂ ಬಜಾರಿನ ಕೌಂಟರಿಗೆ ಅಪೂರ್ವ ಎಂಬ ಹುಡುಗಿ ಬಂದಿದ್ದಾಳೆ, ಅವಳ ಅಪ್ಪ ಡಿಫೆನ್ಸಿನಲ್ಲಿ, ಧಾರವಾಡದವರು. ಚುರುಕು ಇದ್ದಾಳೆ.

ಗುರುವಾರ ಹಂಪಯ್ಯನವರು ಬಂದಿದ್ದರು. ಬಸುರಿ ಮೊಮ್ಮಗಳಿಗೆ ಕುಬಸ ಮಾಡುತ್ತಾರೆ, ಏಳನೇ ತಿಂಗಳಂತೆ. ಬೀಗರು ಮತ್ತೆ ನಮ್ಮ ಅಂಗಡಿಯ ಸಾಮಾನೇ ಬೇಕೆಂದಿದ್ದಾರೆ. ಶ್ರಾವಣದ ನೂಕುನುಗ್ಗಲು. ಅವರು ಎಲ್ಲರನ್ನೂ ದಾಟಿ ನೇರವಾಗಿ ಕೌಂಟರಿಗೆ ಬಂದು ಸುಮ್ಮನೆ ನಿಂತರು. ಯಾರಾದರೂ ಏನಾದರೂ ಅನ್ನುತ್ತಾರೆಂದು ಕಾದಂತಿತ್ತು. ಅಪೂರ್ವ ಬರೆಯುತ್ತಲೇ "ಲೈನ್‌ದಾಗ ಬರ‍್ರಿ ಅಜ್ಜಾರ" ಎಂದಳು. ಹೋಗಿ ಹಿಂದೆ ನಿಂತರು. ಅವರ ಸರದಿ ಬಂತು.

"ಹೆಸರ‍್ರಿ?"

"ಹಂಪಯ್ಯ."

"ಯಾವ ಹಂಪಯ್ಯರಿ? ನಮ್ಮಲ್ಲಿ ಆ ಹೆಸರಿನ ಗಿರಾಕಿ ಇಬ್ಬರದಾರ. ಏರಿಯಾ ಹೇಳ್ರಿ."

ಅವರು ದನಿ ಏರಿಸಿ "ಬೇಗಂ ಬಜಾರ್ ಹಂಪಯ್ಯ!" ಎಂದರು.

"ಇದು ಬೇಗಂ ಬಜಾರ್ ಹೌದ್ರಿ ಅಜ್ಜಾರ, ಮನಿ ಎಲ್ಲೈತಿ ಅಂತ ಕೇಳಿದೆ. ಡೆಲಿವರಿಗೆ."

ಅವರು ಬಗ್ಗಿ, ದನಿ ತಗ್ಗಿಸಿ, "ನಿಮ್ಮ ಮಾಲಕರು ನನ್ನ ಬಗ್ಗೆ ನಿಮಗ ಏನೂ ಹೇಳಿಲ್ಲೇನವ್ವ?" ಎಂದರು.

"ಇಲ್ರಿ. ಏನರ ಹೇಳಬೇಕಿತ್ತೇನ್ರಿ?"

ಹಿಂದಿನವರು ಗೊಣಗುತ್ತಿದ್ದರು. ಹಂಪಯ್ಯನವರು ಮನೆಯ ವಿಳಾಸ ಬರೆಸಿದರು, ಬುತ್ತಿ ಎಷ್ಟು ಮನೆಗೆ ಎಂದು ಕೇಳಿದ್ದಕ್ಕೆ ಉತ್ತರ ಹೇಳಿದರು, ಕೋಲು ಊರಿಕೊಂಡು ಮೆಟ್ಟಿಲಿಳಿದರು. ಈ ಸಲ ಮಗ ಕೈ ಹಿಡಿದರೆ ಬಿಡಿಸಿಕೊಳ್ಳಲಿಲ್ಲ. ನಾನು ಒಳಗೆ ಕುಕಟ್‌ಪಲ್ಲಿಯ ಲೆಕ್ಕ ನೋಡುತ್ತಿದ್ದೆ. ಎಲ್ಲ ಕೇಳಿಸಿತು, ತಲೆ ಎತ್ತಲಿಲ್ಲ. ಕಣ್ಣಿಗೆ ಕಂಡದ್ದನ್ನು ಆಮೇಲೆ ಹಮಾಲರು ಹೇಳಿದರು.

ಮುಂದಿನ ವಾರ ಮನೆಗೆ ಬನ್ನಿ. ರೊಟ್ಟಿ ತಿನ್ನಬೇಕೆನಿಸಿದೆ.

ಕಾವ್ಯಾ


ಬಸವಕಲ್ಯಾಣ
31 ಆಗಸ್ಟ್ 2024

ಕಾವ್ಯಾ,

ಬರುತ್ತೇನೆ, ಹಿಟ್ಟು ಬೀಸಿಸಿ ಇಡು. ನೀನು ತಲೆ ಎತ್ತದಿದ್ದದ್ದು ಬಹಳ ಸರಿ. ಅಂಗಡಿ ನಡೆಸುವವಳು ಹಾಗೆಯೇ ಇರಬೇಕು.

ಆದರೆ ಆ ಅಪೂರ್ವ ಎದುರಿಗೇ ಇದ್ದಳಲ್ಲ. ಅವಳನ್ನು ಕೂರಿಸಿಕೊಂಡು, ಯಾಕೆಂದು ಹೇಳದೆ, ಸರಿಯಾಗಿ ಕೇಳಿ ಬರೆ. "ಯಾವ ಹಂಪಯ್ಯ" ಎಂದಾಗ ಅವನ ಮುಖ ಹೇಗಾಯಿತು?

ಅತ್ತೆ